ಅಪ್‌ಡೇಟ್: ಅಮ್ಮನಿಗೆ ಆಸ್ಪಿರಿನ್ ಬೇಡವೆಂದರು

ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಎಂದೂ ಆಗಿರದ, 72 ವರ್ಷದ ನನ್ನ ತಾಯಿ ಪಾರ್ಶ್ವವಾಯು ಬಾರದಿರಲೆಂದು ದಿನಕ್ಕೊಂದು ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆ ಆರಂಭಿಸಬಹುದೇ ಎಂದು ಹಿಂದೆ ಕೇಳಿದ್ದೆ. ವೈದ್ಯರನ್ನು ಕಂಡು ಬಂದೆವು, ಬೇಡ ಎಂದರು.

ನನ್ನ ಗೊಂದಲಕ್ಕೆ ಕಾರಣ, ಸುಮಾರು 40,000 ಮಹಿಳೆಯರನ್ನು ಹತ್ತು ವರ್ಷ ಗಮನಿಸಿ 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ. ದಿನ ಬಿಟ್ಟು ದಿನ 100 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು ಶೇ. 17ರಷ್ಟು ಕಡಿಮೆಯಾಗಿತ್ತು. ಆದರೆ ಅವರಲ್ಲಿ 65 ತುಂಬಿದವರು ಹತ್ತರಲ್ಲಿ ಒಬ್ಬರಷ್ಟೇ ಇದ್ದರು, ಜಠರ ಮತ್ತು ಕರುಳಿನ ರಕ್ತಸ್ರಾವವೂ ಹೆಚ್ಚಿತ್ತು ಎಂಬುದನ್ನು, ಬೇಕಾದದ್ದನ್ನಷ್ಟೇ ಓದುವ ನನ್ನ ಚಾಳಿಯಿಂದಾಗಿ, ಗಮನಿಸಿರಲಿಲ್ಲ. ಬಹುಪಾಲು 70 ದಾಟಿದವರ ಮೇಲೆಯೇ ನಡೆದು 2018ರಲ್ಲಿ ಫಲಿತಾಂಶ ಕೊಟ್ಟ ಆಸ್ಪ್ರೀ ಎಂಬ ಆಸ್ಪಿರಿನ್ ಪ್ರಯೋಗದಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳು ಗಮನಾರ್ಹವಾಗಿ ತಗ್ಗಲಿಲ್ಲ. ಗಂಭೀರ ರಕ್ತಸ್ರಾವ ಮಾತ್ರ ಶೇ. 38ರಷ್ಟು ಹೆಚ್ಚಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅದೇ ಗುಣ ಮೆದುಳಿನಲ್ಲಿ ರಕ್ತ ಸೋರಿದಾಗ ಮುಳುವಾಗುತ್ತದೆ.

ಈಗಾಗಲೇ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆದವರ ಅಥವಾ ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕವೇ ಬೇರೆ. ಅಂಥವರು ತಮ್ಮ ವೈದ್ಯರನ್ನು ಕೇಳದೆ ಆಸ್ಪಿರಿನ್ ನಿಲ್ಲಿಸಬಾರದೆಂದೂ ನಮ್ಮ ವೈದ್ಯರು ಹೇಳಿದರು.

ಅಮ್ಮನ ರಕ್ತದೊತ್ತಡ 158/90 ಇತ್ತು. ಮೊದಲು ತಗ್ಗಬೇಕಾದದ್ದು ಅದೇ ಎಂದು ಅದಕ್ಕೆ ಮಾತ್ರೆ ಬರೆದಿದ್ದಾರೆ. ಇಸಿಜಿಯಲ್ಲಿ ಹೃದಯ ಬಡಿತದ ಲಯ ಸರಿಯಾಗಿದೆ. ಮುಂದಿನ ತಪಾಸಣೆ ನಾಲ್ಕು ವಾರಗಳ ನಂತರ.