ಪೋಸ್ಟ್‌ಗ್ರೆಸ್ ಬ್ಯಾಕೆಂಡ್‌ನ್ಯಾಗ ಮೆಮೊರಿ ಯಾತಕ್ಕ ಹೋಗ್ತದ ಅಂತ ಹೆಂಗ ಹಿಡಿಯೋದ್ರಿ?

ಹುಬ್ಳಿ_ಹಿಂಜವಡಿ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಪೋಸ್ಟ್‌ಗ್ರೆಸ್ 15 ಡೇಟಾಬೇಸ್ ಸರ್ವರ್‌ನ್ಯಾಗ ಒಂದೊಂದು ಬ್ಯಾಕೆಂಡ್ (ಒಂದೊಂದು ಕನೆಕ್ಷನ್‌ಗೆ ಓಡೋ ಪ್ರೊಸೆಸ್) ಮುಂಜಾನೆ 60 ಎಂಬಿ ಇದ್ದದ್ದು ಸಂಜಿಗೆ 700 ಎಂಬಿ ದಾಟ್ತದ, ಮೊನ್ನೆ ರಾತ್ರಿ ಎರಡೂವರೆಗೆ ಓಓಎಂ ಕಿಲ್ಲರ್ (ಮೆಮೊರಿ ತೀರಿದಾಗ ಪ್ರೊಸೆಸ್ ಕೊಲ್ಲೋ ಲಿನಕ್ಸ್ ಭಾಗ) ಒಂದನ್ನ ಹೊಡೀತು, ಅದರ ಜೋಡಿ ಉಳಿದ ಕನೆಕ್ಷನ್ ಎಲ್ಲಾ ಕಟ್ಟಾಗಿ ಸರ್ವರ್ ರಿಕವರಿಗೆ ಹೋತು, ಇಲ್ಲೆ ಪುಣೆದಾಗ ರೂಮಿನ್ಯಾಗ ಕುಂತು ಬೆಳತನಕ ಲಾಗ್ ನೋಡಿದೆ. ಟಾಪ್ ಕಮಾಂಡ್‌ನ್ಯಾಗ ಬರೇ ಅಂಕಿ ಕಾಣ್ತದ, ಯಾತಕ್ಕ ಹೋತು ಅಂತ ಕಾಣಂಗಿಲ್ಲ. ಪೋಸ್ಟ್‌ಗ್ರೆಸ್‌ಗೆ ಜೋಡಿಸಿದ ನಮ್ದೊಂದು ಸಿ ಎಕ್ಸ್‌ಟೆನ್ಶನ್ ಅದ, ಅದರ ಮ್ಯಾಲೆ ಸಂಶಯ. ಪ್ರತಿ ಅಲೊಕೇಶನ್‌ಗೆ (ಕೋಡ್ ತಗೊಳ್ಳೋ ಒಂದೊಂದು ಮೆಮೊರಿ ತುಣುಕಿಗೆ) ಹೆಸರು ಹಚ್ಚಲಿಕ್ಕೆ ಬರ್ತದೇನ್ರಿ?

ಕುಡ್ಲ_ಡೊಂಬಿವಲಿ:
ಮೊದ್ಲು ಒಂದು ವಿಷಯ ಮಾರಾಯ್ರೇ, ಟಾಪ್‌ನ ರೆಸ್ ಕಾಲಮ್ ನಂಬ್ಬೇಡಿ. ಶೇರ್ಡ್ ಬಫರ್ಸ್‌ನಲ್ಲಿ (ಎಲ್ಲಾ ಬ್ಯಾಕೆಂಡ್‌ಗಳು ಹಂಚ್ಕೊಳ್ಳುವ ಮೆಮೊರಿ) ಆ ಬ್ಯಾಕೆಂಡ್ ಮುಟ್ಟಿದ ಪೇಜುಗಳೂ ಅದ್ರಲ್ಲೇ ಸೇರಿ ಉಂಟು. ಲಿನಕ್ಸ್‌ನ /proc ಕೆಳಗೆ ಆ ಪ್ರೊಸೆಸ್‌ನ ಸ್ಮ್ಯಾಪ್ಸ್_ರೋಲಪ್ ಫೈಲಲ್ಲಿ ಪಿಎಸ್‌ಎಸ್_ಅನಾನ್ ಸಾಲು ನೋಡಿ, ಅದು ಆ ಪ್ರೊಸೆಸ್‌ನ ಸ್ವಂತ ಖರ್ಚು. ಇನ್ನು ಹೆಸರು, ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಪ್ಯಾಲಕ್‌ಗೆ (ಮೆಮೊರಿ ಕೇಳುವ ಅದರ ಫಂಕ್ಷನ್) ಹೆಸರಿಲ್ಲ, ಮೆಮೊರಿ ಕಾಂಟೆಕ್ಸ್ಟಿಗೆ, ಅಂದ್ರೆ ಆ ತುಣುಕುಗಳನ್ನು ಒಟ್ಟಿಗೆ ಇಡುವ ಗುಂಪಿಗೆ, ಉಂಟು. ವರ್ಶನ್ 14ರಿಂದ ಪಿಜಿ_ಲಾಗ್_ಬ್ಯಾಕೆಂಡ್_ಮೆಮೊರಿ_ಕಾಂಟೆಕ್ಸ್ಟ್ಸ್ ಅಂತ ಫಂಕ್ಷನ್ ಬಂದಿದೆ, ಸೂಪರ್‌ಯೂಸರ್ ಆಗಿ ಪಿಐಡಿ (ಪ್ರೊಸೆಸ್ ನಂಬರ್) ಕೊಟ್ಟು ಓಡಿಸಿದ್ರೆ ಯಾವ ಹೆಸರಲ್ಲಿ ಎಷ್ಟು ಬೈಟ್, ಅದ್ರಲ್ಲಿ ಎಷ್ಟು ಖಾಲಿ ಅಂತ ಸರ್ವರ್ ಲಾಗಿಗೆ ಬರ್ತದೆ. ಪಿಜಿ_ಬ್ಯಾಕೆಂಡ್_ಮೆಮೊರಿ_ಕಾಂಟೆಕ್ಸ್ಟ್ಸ್ ವ್ಯೂ ತೋರಿಸೋದು ನಿಮ್ಮ ಸ್ವಂತ ಸೆಶನ್ ಮಾತ್ರ. ದಪ್ಪ ಆದ ಪಿಐಡಿ ಹಿಡಿದು ಓಡಿಸಿ, ಬಂದದ್ದನ್ನು ಇಲ್ಲಿ ಹಾಕಿ.

ಹುಬ್ಳಿ_ಹಿಂಜವಡಿ:
ಓಡಿಸಿದೆ ನೋಡ್ರಿ. ಕ್ಯಾಶ್‌ಮೆಮೊರಿಕಾಂಟೆಕ್ಸ್ಟ್ 4 ಎಂಬಿ ಅಷ್ಟ, ಟಾಪ್‌ಮೆಮೊರಿಕಾಂಟೆಕ್ಸ್ಟ್ ಒಂದರಾಗ 610 ಎಂಬಿ! ಅದರೊಳಗ ಏನದ ಅಂತ ಹೆಂಗ ತಿಳಿಬೇಕು?

ವಾಸ್ಕೋ_ಕನ್ನಡಿಗ:
ನಿಮ್ಮ ಸಂಶಯ ಸರಿ ಅನ್ಸುತ್ತೆ, ಟಾಪ್‌ಮೆಮೊರಿಕಾಂಟೆಕ್ಸ್ಟ್ ತಾನಾಗಿ ಅಷ್ಟು ಬೆಳೆಯಲ್ಲ, ಎಕ್ಸ್‌ಟೆನ್ಶನ್‌ನಲ್ಲಿ ಯಾರೋ ಅದಕ್ಕೇ ಸ್ವಿಚ್ ಆಗಿ ನೇರ ಪ್ಯಾಲಕ್ ಮಾಡಿದ್ದಾರೆ. ಅಲೊಕ್‌ಸೆಟ್‌ಕಾಂಟೆಕ್ಸ್ಟ್‌ಕ್ರಿಯೇಟ್ ಹಾಕಿ ಅದರ ಕೆಳಗೆ ನಿಮ್ಮದೇ ಕಾಂಟೆಕ್ಸ್ಟ್ ಮಾಡ್ಕೊಳ್ಳಿ. ಹೆಸರು ಮಾತ್ರ ಕೋಡಲ್ಲೇ ಬರೆದ ಸ್ಥಿರ ಸ್ಟ್ರಿಂಗ್ ಇರಬೇಕು, ರನ್‌ಟೈಮಲ್ಲಿ ಕಟ್ಟಿದ ಹೆಸರು ಅಲ್ಲಿ ನಡೆಯಲ್ಲ. ಗಿರಾಕಿಗೊಂದು, ಟೇಬಲ್‌ಗೊಂದು ಗುರುತು ಬೇಕಾದ್ರೆ ಮೆಮೊರಿಕಾಂಟೆಕ್ಸ್ಟ್‌ಸೆಟ್‌ಐಡೆಂಟಿಫೈಯರ್ ಇದೆ, 11ರಿಂದ. ಇಲ್ಲೇ ನಾನು ಎರಡು ದಿನ ಕಳೆದಿದ್ದೀನಿ, ಅದು ಸ್ಟ್ರಿಂಗನ್ನ ಕಾಪಿ ಮಾಡಲ್ಲ, ಪಾಯಿಂಟರ್ ಮಾತ್ರ ಇಟ್ಕೊಳ್ಳುತ್ತೆ, ನಾನು ಕ್ವೆರಿ ಮುಗಿದ ಕೂಡ್ಲೇ ಅಳಿಯೋ ಜಾಗದಲ್ಲಿ ಸ್ಟ್ರಿಂಗ್ ಇಟ್ಟಿದ್ದೆ, ಲಾಗಲ್ಲಿ ಹೆಸರಿನ ಜಾಗದಲ್ಲಿ ಕಸ ಬರ್ತಿತ್ತು. ಮೆಮೊರಿಕಾಂಟೆಕ್ಸ್ಟ್‌ಸ್ಟ್ರಡಪ್ ಮಾಡಿ ಅದೇ ಕಾಂಟೆಕ್ಸ್ಟ್ ಒಳಗೆ ಇಡಿ, ಎರಡೂ ಒಟ್ಟಿಗೆ ಹೋಗುತ್ತೆ. ಪೋಸ್ಟ್‌ಗ್ರೆಸ್ ತಾನೂ ಹೀಗೇ ಮಾಡೋದು, ಕ್ಯಾಶ್ಡ್‌ಪ್ಲಾನ್‌ಸೋರ್ಸ್ ಎದುರಿಗೆ ಕ್ವೆರಿಯೇ ಕಾಣುತ್ತಲ್ಲ.

ಕುಡ್ಲ_ಡೊಂಬಿವಲಿ:
ಇನ್ನೊಂದು, ಎಕ್ಸ್‌ಟೆನ್ಶನ್ ಬಳಸುವ ಲೈಬ್ರರಿ ಪ್ಯಾಲಕ್ ಬಿಟ್ಟು ನೇರ ಮ್ಯಾಲಕ್ (ಸಿ ಭಾಷೆಯ ಸ್ವಂತ ಮೆಮೊರಿ ಫಂಕ್ಷನ್) ಮಾಡಿದ್ರೆ ಈ ಲಾಗಲ್ಲಿ ಬರುದೇ ಇಲ್ಲ. ಗ್ರ್ಯಾಂಡ್ ಟೋಟಲ್ ಸಾಲಿಗೂ ಪಿಎಸ್‌ಎಸ್_ಅನಾನ್‌ಗೂ ತುಂಬಾ ಅಂತರ ಬಂದ್ರೆ ಆ ಕಡೆ ಹುಡುಕಿ. ಎಮ್‌ಮ್ಯಾಪ್ ಮಾಡಿ ಕರ್ನಲ್‌ನಿಂದ ನೇರ ತಗೊಂಡ ಅನಾನಿಮಸ್ (ಫೈಲಿಗೆ ಸೇರದ) ಜಾಗಕ್ಕೆ ಲಿನಕ್ಸ್ 5.17ರಿಂದ ಪಿಆರ್‌ಸಿಟಿಎಲ್ ಸಿಸ್ಟಂ ಕಾಲ್‌ನಲ್ಲಿ ಹೆಸರು ಹಾಕ್ಲಿಕ್ಕೆ ಆಗ್ತದೆ, ಕರ್ನಲ್ ಬಿಲ್ಡಲ್ಲಿ ಆ ಆಪ್ಶನ್ ಆನ್ ಇರ್ಬೇಕು.

ಹುಬ್ಳಿ_ಹಿಂಜವಡಿ:
ಸಿಕ್ತ್ರೀ! ಗಿರಾಕಿಗೊಂದು ಕಾಂಟೆಕ್ಸ್ಟ್ ಮಾಡಿ ಐಡಿ ಹಚ್ಚಿದೆ, ಒಬ್ಬನ ಹೆಸರಿಗೇ 540 ಎಂಬಿ ಬಂತು. ಅವನ ದರಪಟ್ಟಿ ಬದಲಾದಾಗೊಮ್ಮೆ ಹೊಸಾದು ಲೋಡ್ ಆಗ್ತಿತ್ತು, ಹಳೇದನ್ನ ಯಾರೂ ಬಿಡ್ತಿರಲಿಲ್ಲ. ಈಗ ಹೊಸಾದು ಬಂದ ಕೂಡ್ಲೇ ಹಳೇ ಕಾಂಟೆಕ್ಸ್ಟ್ ಡಿಲೀಟ್ ಮಾಡ್ತೀವಿ, ನಿನ್ನೆಯಿಂದ 90 ಎಂಬಿ ದಾಟಿಲ್ಲ. ಇಬ್ಬರಿಗೂ ಭಾಳ ಉಪಕಾರ ಆತ್ರಿ.