ಮಹಾ ಪೂರ್ವ ಏಷ್ಯಾ ಸಚಿವಾಲಯದ ಮೇಲೆ ಪಿಎಚ್‌ಡಿ: ಜಪಾನೀಸ್ ಕಲಿಯಲೇಬೇಕಾ?

ಹೊಸ ಸ್ಕಾಲರ್: ಎರಡನೇ ಮಹಾಯುದ್ಧದಲ್ಲಿ ಗೆದ್ದ ನಾಡುಗಳನ್ನು ನೋಡಿಕೊಳ್ಳಲು ಜಪಾನ್ 1942ರ ನವೆಂಬರ್ 1ರಂದು ತೆರೆದ ಸಚಿವಾಲಯ ನನ್ನ ವಿಷಯ. ಜಪಾನೀಸ್ ಬಾರದು. ಫೆಲೋಶಿಪ್ ಇಲ್ಲ, ಮೈಸೂರಿನಲ್ಲಿದ್ದೇನೆ. ಇಂಗ್ಲಿಷಿನಲ್ಲೇ ಮುಗಿಸಬಹುದಾ? ಅನುಭವ ಇದ್ದವರು ಹೇಳಿ.

ಎನ್2 ಪಾಸ್: ನಾನು ಕಲಿತೆ. ಕ್ಲಾಸು, ಪರೀಕ್ಷೆ, ಪುಸ್ತಕ ಸೇರಿ ಒಂದೂವರೆ ಲಕ್ಷ ಹೋಯಿತು. ನಿಘಂಟಿಗೇ ಆರು ಸಾವಿರ. ಎನ್2 (ಜಪಾನೀಸ್ ಭಾಷಾ ಪರೀಕ್ಷೆಯ ಮೇಲಿನಿಂದ ಎರಡನೇ ಹಂತ) ಪಾಸಾಗಿ ಕಡತ ತೆಗೆದರೆ ಒಂದು ಸಾಲೂ ಓದಲಾಗಲಿಲ್ಲ! ಆಗಿನ ಸರ್ಕಾರಿ ಬರವಣಿಗೆ ಹಳೆ ವ್ಯಾಕರಣದ್ದು, ಎಷ್ಟೋ ಕಡೆ ಕೈಬರಹ. ಅದಕ್ಕೆ ಬೇರೆ ಟ್ಯೂಷನ್, ಗಂಟೆಗೆ 1,200. ಆದರೂ ಲಾಭವಾಯಿತು. ಈ ಸಚಿವಾಲಯ ಬೇಡವೆಂದು ವಿದೇಶಾಂಗ ಮಂತ್ರಿ ಟೋಗೋ 1942ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. 1945ರಲ್ಲಿ ಅದೇ ಸಚಿವಾಲಯಕ್ಕೆ ಅವರೇ ಮಂತ್ರಿ! ಆ ಜಗಳವನ್ನು ಮೂಲದಲ್ಲಿ ಓದುವ ರುಚಿಯೇ ಬೇರೆ.

ಜರ್ಮನ್ ಪಾರ್ಟಿ: ನನ್ನ ಗೈಡ್ ಜಪಾನ್ ಬೇಡ ಎಂದರು. ರೋಸೆನ್‌ಬರ್ಗ್‌ನ ಪೂರ್ವ ಪ್ರಾಂತ್ಯಗಳ ಸಚಿವಾಲಯ ಹಿಡಿದೆ, ನಾಜಿ ಜರ್ಮನಿ ಸೋವಿಯತ್ ಒಕ್ಕೂಟದಲ್ಲಿ ಗೆದ್ದ ನಾಡುಗಳಿಗೆಂದು ತೆರೆದದ್ದು. ಅಮೆರಿಕನ್ನರು ಆ ಕಡತಗಳನ್ನು ಮೈಕ್ರೋಫಿಲ್ಮ್ ಮಾಡಿಟ್ಟಿದ್ದಾರೆ. ರೀಲು ತರಿಸಿದ ಖರ್ಚು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಡಾಲರ್ ಏರಿತು, ಕಸ್ಟಮ್ಸ್‌ನವರು ಪಾರ್ಸೆಲ್ ಹಿಡಿದಿಟ್ಟರು, ನಮ್ಮ ಲೈಬ್ರರಿಯ ರೀಡರ್ ಮೆಷಿನ್ ಕೆಟ್ಟಿತ್ತು. ಆದರೆ ಓದಲು ಕಡತವಾದರೂ ಇತ್ತು. ಜಪಾನಿನವರು 1945ರ ಆಗಸ್ಟ್‌ನಲ್ಲಿ ತಮ್ಮ ಕಡತಗಳನ್ನು ರಾಶಿ ಹಾಕಿ ಸುಟ್ಟುಬಿಟ್ಟರು.

ಎನ್2 ಪಾಸ್: ಎಲ್ಲಾ ಸುಟ್ಟಿಲ್ಲ ಸ್ವಾಮಿ. ಉಳಿದ ಕಡತಗಳನ್ನು ಸ್ಕ್ಯಾನ್ ಮಾಡಿ ಹಾಕಿರುವ ಜಪಾನಿನ ಏಷ್ಯಾ ಐತಿಹಾಸಿಕ ದಾಖಲೆಗಳ ಕೇಂದ್ರದ ಸೈಟ್ 2001ರಿಂದ ಇದೆ, ಪುಕ್ಕಟೆ. ನಿಮ್ಮ ರೋಸೆನ್‌ಬರ್ಗ್ ಮಾತನ್ನು ಉಕ್ರೇನನ್ನು ಆಳುತ್ತಿದ್ದ ನಾಜಿ ಅಧಿಕಾರಿ ಎರಿಕ್ ಕೋಖ್ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಅಂಥ ಆಫೀಸಿನ ಕಡತ ಓದಿ ಏನು ಸಿಕ್ಕಿತು?

ಜರ್ಮನ್ ಪಾರ್ಟಿ: ಮಾತು ಯಾಕೆ ನಡೆಯಲಿಲ್ಲ ಅನ್ನೋದೇ ನನ್ನ ಥೀಸಿಸ್. ಸುಮ್ನೆ ಸರ್ಟಿಫಿಕೇಟ್ ತೋರಿಸಬೇಡಿ.

ದೆಹಲಿ ಫೈಲು: ಇಬ್ಬರೂ ಬಿಡಿ. ನಾನು ಇಂಗ್ಲಿಷಿನಲ್ಲೇ ಮುಗಿಸಿದೆ, ಕೆಲಸವೂ ಸಿಕ್ಕಿತು. ದೆಹಲಿಯಲ್ಲಿ ಪಿಜಿ ಬಾಡಿಗೆ ಒಂಬತ್ತು ಸಾವಿರ, ಊಟ ಬೇರೆ. ಸರ್ಕಾರಿ ಪತ್ರಾಗಾರದಲ್ಲಿ ಫೈಲು ಕೇಳಿದರೆ ‘ಸಿಗುತ್ತಿಲ್ಲ’ ಅಂತ ಚೀಟಿ ವಾಪಸ್. ಅದಿರಲಿ. ಗೆದ್ದ ನಾಡುಗಳೆಲ್ಲ ಈ ಸಚಿವಾಲಯದ ಕೈಲಿರಲಿಲ್ಲ. ಮಲಯ, ಜಾವಾ ಭೂಸೇನೆಯ ಕೈಲಿ. ಸೆಲೆಬಿಸ್ (ಈಗಿನ ಇಂಡೋನೇಷ್ಯಾದ ಸುಲವೇಸಿ) ನೌಕಾಪಡೆಯ ಕೈಲಿ. ಕೊರಿಯಾ, ತೈವಾನ್ ಗೃಹ ಸಚಿವಾಲಯಕ್ಕೆ ಹೋದವು. ಇವರಿಗೆ ಉಳಿದದ್ದು ಮಂಚೂರಿಯಾ, ಚೀನಾ, ಥಾಯ್ಲೆಂಡ್‌ನಂಥ ಕಡೆಯ ವ್ಯವಹಾರ. ಅಂಡಮಾನನ್ನು ನೇತಾಜಿಗೆ ಕೊಡುತ್ತೇವೆಂದು ಜಪಾನಿನ ಪ್ರಧಾನಿ ಟೋಜೋ 1943ರ ನವೆಂಬರ್‌ನ ಟೋಕಿಯೋ ಸಮ್ಮೇಳನದಲ್ಲಿ ಹೇಳಿದ್ದೂ ಕಾಗದದ ಮೇಲಷ್ಟೇ.

ಜೈ ಹಿಂದ್: ಕಾಗದ ಅಂತೆ! ಡಿಸೆಂಬರ್ 30ರಂದು ಪೋರ್ಟ್ ಬ್ಲೇರ್‌ನಲ್ಲಿ ನೇತಾಜಿ ಧ್ವಜ ಹಾರಿಸಿದ್ದು ಗೊತ್ತಿಲ್ವಾ?

ದೆಹಲಿ ಫೈಲು: ಹಾರಿಸಿದರು. ಆಳಿದ್ದು ಮಾತ್ರ ಜಪಾನಿನ ನೌಕಾಪಡೆ. ನೇತಾಜಿ ಕಳಿಸಿದ ಲೋಕನಾಥನ್‌ಗೆ ಪೊಲೀಸ್ ಇಲಾಖೆ ಕೊಡಲೇ ಇಲ್ಲ. ಕೈಗೆ ಬಂದದ್ದು ಶಿಕ್ಷಣ ಇಲಾಖೆ.

ಜೈ ಹಿಂದ್: ಶಿಕ್ಷಣ ಇಲಾಖೆ ಆಡಳಿತ ಅಲ್ವಾ?

ಎನ್2 ಪಾಸ್: ಇಂಗ್ಲಿಷ್ ಫೈಲು ಓದಿ ನೌಕಾಪಡೆ ಬಗ್ಗೆ ಮಾತಾಡಿದರೆ ಹೀಗೇ ಆಗೋದು.