ಪರೀಕ್ಷಾ ಭಯದ ಕುರಿತ ಸಂಶೋಧನಾ ಲೇಖನಗಳನ್ನು ಹುಡುಕಿದ ಬಗೆ: ಅನುಭವ ಹಂಚಿಕೆ

ಪ್ರಶ್ನೆ: ನಾನು ಎಂ.ಎ. ಮನೋವಿಜ್ಞಾನದ ಕೊನೆಯ ಸೆಮಿಸ್ಟರ್‌ನಲ್ಲಿದ್ದು, ಎಸ್‌ಎಸ್‌ಎಲ್‌ಸಿ ಮಕ್ಕಳ ಪರೀಕ್ಷಾ ಭಯವನ್ನು ಕುರಿತು ಡಿಸರ್ಟೇಶನ್ ಬರೆಯುತ್ತಿದ್ದೇನೆ. ಗೂಗಲ್‌ನಲ್ಲಿ ಪೋಷಕರಿಗೆ ಸಲಹೆ ನೀಡುವ ಬರಹಗಳೇ ಸಿಗುತ್ತಿವೆ. ಸಂಶೋಧನಾ ಲೇಖನಗಳನ್ನು ಹೇಗೆ ಹುಡುಕಿದಿರೆಂದು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಪಿಎಚ್.ಡಿ. ವಿದ್ಯಾರ್ಥಿನಿ: ನಾನು ವಾರಗಟ್ಟಲೆ 'ಎಕ್ಸಾಮ್ ಫಿಯರ್' ಎಂದೇ ಹುಡುಕಿ ಸೋತಿದ್ದೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಸೈಕ್‌ಇನ್ಫೋದಲ್ಲಿ (ಮನೋವಿಜ್ಞಾನ ಲೇಖನಗಳ ಡೇಟಾಬೇಸ್) ಪ್ರತಿ ಲೇಖನಕ್ಕೂ ನಿಗದಿತ ವಿಷಯಪದಗಳನ್ನು ಕೊಟ್ಟಿರುತ್ತಾರೆ. ಆ ಪದಗಳ ಪಟ್ಟಿಯಾದ ಥೆಸಾರಸ್ಸನ್ನು ತೆರೆದಾಗಲೇ ನನಗೆ ಬೇಕಾದ ಪದ 'ಟೆಸ್ಟ್ ಆಂಗ್ಸೈಟಿ' ಎಂಬುದು ತಿಳಿಯಿತು. ಆ ಪದದಿಂದ ಹುಡುಕಿ, 13ರಿಂದ 17 ವರ್ಷದ ವಯೋಗುಂಪನ್ನೂ ತಜ್ಞವಿಮರ್ಶಿತ ನಿಯತಕಾಲಿಕೆಗಳನ್ನೂ ಆರಿಸಿಕೊಂಡ ಮೇಲೆ, ನನ್ನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಲೇಖನಗಳೇ ಮುಂದೆ ಬಂದವು. ಆದ್ದರಿಂದ ಮೊದಲ ದಿನವನ್ನು ಪೂರ್ತಿಯಾಗಿ ಪದಗಳಿಗೇ ಮೀಸಲಿಡಿ.

ಗ್ರಂಥಪಾಲಕ: ಸೈಕ್‌ಇನ್ಫೋದಲ್ಲಿ ಮುಖ್ಯವಾಗಿ ಸಿಗುವುದು ಲೇಖನದ ಸಾರಾಂಶ ಮತ್ತು ವಿವರ. ಪೂರ್ಣಪಾಠ ಅಲ್ಲಿ ಕಾಣಲಿಲ್ಲವೆಂದು ಒಳ್ಳೆಯ ಲೇಖನವನ್ನು ಕೈಬಿಡುವ ವಿದ್ಯಾರ್ಥಿಗಳನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಲೇಖನವನ್ನು ಗುರುತಿಸುವ ವಿಶಿಷ್ಟ ಸಂಖ್ಯೆಯಾದ ಡಿಒಐಯನ್ನು ಬರೆದುಕೊಂಡು ನಿಮ್ಮ ಗ್ರಂಥಾಲಯದಲ್ಲಿ ವಿಚಾರಿಸಿ. ನಿಮ್ಮದು ಸರ್ಕಾರಿ ವಿಶ್ವವಿದ್ಯಾಲಯವಾಗಿದ್ದರೆ, 2025ರ ಜನವರಿಯಲ್ಲಿ ಆರಂಭವಾದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ದೊರೆಯುತ್ತವೆ. ಸೈಕ್‌ಇನ್ಫೋಗೆ ನಿಮ್ಮಲ್ಲಿ ಚಂದಾ ಇಲ್ಲದಿದ್ದರೆ, ವೈದ್ಯಕೀಯ ಕ್ಷೇತ್ರದ ಪಬ್‌ಮೆಡ್ ಮತ್ತು ಶಿಕ್ಷಣ ಕ್ಷೇತ್ರದ ಎರಿಕ್ ಎಂಬ ಡೇಟಾಬೇಸ್‌ಗಳೆರಡರಲ್ಲೂ ಉಚಿತವಾಗಿ ಹುಡುಕಬಹುದು.

ಪದವಿ ಕಾಲೇಜಿನ ಅಧ್ಯಾಪಕ: ನಮ್ಮ ಮಕ್ಕಳ ಕುರಿತ ಅಧ್ಯಯನಗಳಿಗಾಗಿ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಜಾಲತಾಣವನ್ನು ತಪ್ಪದೆ ನೋಡಿ. ಅಲ್ಲಿರುವುದು ಪಿಎಚ್.ಡಿ. ಮಹಾಪ್ರಬಂಧಗಳಾದ್ದರಿಂದ ನಿಯತಕಾಲಿಕೆಯ ಲೇಖನಗಳಿಗೆ ಅವು ಬದಲಿಯಲ್ಲ; ಆದರೆ ಅವುಗಳ ಗ್ರಂಥಋಣದ ಪಟ್ಟಿಯಿಂದಲೇ ನನಗೆ ಎಷ್ಟೋ ಭಾರತೀಯ ಲೇಖನಗಳ ಸುಳಿವು ಸಿಕ್ಕಿತು. ಇನ್ನೊಂದು ಮಾತು: ಯಾವ ದಿನ, ಯಾವ ಡೇಟಾಬೇಸ್‌ನಲ್ಲಿ, ಯಾವ ಪದಗಳನ್ನು ಹೇಗೆ ಜೋಡಿಸಿ ಹುಡುಕಿದಿರಿ, ಎಷ್ಟು ಲೇಖನ ಬಂದವು ಎಂಬುದನ್ನು ಇಂದಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಮೊದಲು ಕೇಳಿದ್ದೇ ಅದನ್ನು.